ಹರೀರಿಯ ಮಕಾಮಾತ್ ಪ್ರತಿಯ ಹಡಗು: ಚಿತ್ರಸಾಕ್ಷ್ಯದ ವಿಮರ್ಶೆ

ಹಸ್ತಪ್ರತಿಯ ಪಾಠಕ್ಕೆ ನಾವು ಸಲ್ಲಿಸುವ ಎಚ್ಚರವನ್ನು ಅದರಲ್ಲಿರುವ ಚಿತ್ರಗಳಿಗೆ ಸಲ್ಲಿಸುವುದು ಅಪರೂಪ. ಪಾಠದಲ್ಲಿ ಒಂದಕ್ಷರ ಸಂಶಯಾಸ್ಪದವಾಗಿ ಕಂಡರೂ ಇತರ ಪ್ರತಿಗಳನ್ನು ತೆರೆದು ನೋಡುತ್ತೇವೆ. ಲಿಪಿಕಾರನ ಕೈದೋಷವೇ, ಮಾತೃಕೆಯ ದೋಷವೇ, ಪ್ರಕ್ಷೇಪವೇ ಎಂದು ವಿಚಾರಿಸುತ್ತೇವೆ. ಆದರೆ ಚಿತ್ರದಲ್ಲಿ ಒಂದು ವಸ್ತು ಕಂಡೊಡನೆ ಅದು ಆ ಕಾಲದಲ್ಲಿ ಹಾಗೆಯೇ ಇದ್ದಿತೆಂದು ಒಪ್ಪಿಬಿಡುತ್ತೇವೆ. ಇಲ್ಲವೆ ಅದು ಚಿತ್ರಕಾರನ ಕಲ್ಪನೆಯೆಂದು ಒಟ್ಟಾಗಿ ತಳ್ಳಿಹಾಕುತ್ತೇವೆ. ಈ ಎರಡೂ ಪರೀಕ್ಷೆಯಿಲ್ಲದ ತೀರ್ಮಾನಗಳೇ. ಚಿತ್ರಕ್ಕೂ ಪಾಠದಂತೆಯೇ ಪರಿಶೋಧನೆ ಸಲ್ಲಬೇಕು ಎಂಬುದನ್ನು ಒಂದು ಪ್ರಸಿದ್ಧ ಉದಾಹರಣೆಯ ಮೂಲಕ ಇಲ್ಲಿ ವಿವೇಚಿಸಲಾಗಿದೆ. ಆ ಉದಾಹರಣೆ ಕ್ರಿ.ಶ. 1237ರ ಅರಬ್ಬೀ ಪ್ರತಿಯೊಂದರಲ್ಲಿರುವ ಹಡಗಿನ ಚಿತ್ರ. ಮಧ್ಯಯುಗದ ಇಸ್ಲಾಮೀ ಕಲೆಯಲ್ಲಿ ನೌಕಾಯಾನವನ್ನು ಕುರಿತು ಮಾತನಾಡುವವರು ಮೊದಲು ಎತ್ತಿಕೊಳ್ಳುವ ಚಿತ್ರ ಇದೇ.

ಪ್ರತಿಯ ಪರಿಚಯ

ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ಅರಬ್ಬೀ ಸಂಗ್ರಹದಲ್ಲಿ 5847ನೆಯ ಸಂಖ್ಯೆಯ ಪ್ರತಿ ಇದು. ಹಿಂದೆ ಶೆಫರ್ ಎಂಬ ವಿದ್ವಾಂಸರ ಸಂಗ್ರಹದಲ್ಲಿದ್ದುದರಿಂದ 'ಶೆಫರ್ ಹರೀರಿ' ಎಂಬ ಹೆಸರೂ ಇದಕ್ಕುಂಟು. ಗ್ರಂಥ ಬಸರಾ ನಗರದ ಅಲ್ ಹರೀರಿಯ (1054–1122) 'ಮಕಾಮಾತ್'. ಇದರಲ್ಲಿ ಐವತ್ತು ಪ್ರಕರಣಗಳಿವೆ. ಅಬೂ ಝೈದ್ ಎಂಬ ಮಾತಿನಮಲ್ಲ ಊರೂರು ಅಲೆದು, ವೇಷ ಬದಲಿಸಿ, ತನ್ನ ವಾಕ್ಚಾತುರ್ಯದಿಂದ ಜನರನ್ನು ಮರುಳುಮಾಡಿ ಹಣ ಗಳಿಸುತ್ತಾನೆ. ಅಲ್ ಹಾರಿಸ್ ಎಂಬವನು ಪ್ರತಿ ಪ್ರಕರಣದಲ್ಲಿಯೂ ಅವನನ್ನು ಎದುರಾಗಿ ಆ ಕಥೆಯನ್ನು ನಿರೂಪಿಸುತ್ತಾನೆ. ಗದ್ಯಪದ್ಯಮಿಶ್ರಿತವಾದ, ಶ್ಲೇಷ ಯಮಕಗಳಿಂದ ತುಂಬಿದ ಈ ಕೃತಿಯ ಸತ್ತ್ವವಿರುವುದು ಶಬ್ದದಲ್ಲಿ. ಚಂಪೂಕಾವ್ಯಗಳನ್ನು ಬಲ್ಲ ನಮ್ಮ ಓದುಗರಿಗೆ ಈ ರುಚಿ ಅಪರಿಚಿತವಲ್ಲ. ಇಂತಹ ಶಬ್ದಪ್ರಧಾನ ಕೃತಿಗೆ ಚಿತ್ರ ಬರೆಯುವುದೇ ಒಂದು ಸಮಸ್ಯೆ; ಶ್ಲೇಷವನ್ನು ಬಣ್ಣದಲ್ಲಿ ತೋರಿಸುವಂತಿಲ್ಲ. ಆದರೂ 13ನೆಯ ಶತಮಾನದಲ್ಲಿ ಇದರ ಅನೇಕ ಸಚಿತ್ರ ಪ್ರತಿಗಳು ಸಿದ್ಧವಾದವು. ಓಲೆಗ್ ಗ್ರಾಬರ್ ಅವರು 1984ರಲ್ಲಿ ಈ ಚಿತ್ರಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ ಗ್ರಂಥವೊಂದನ್ನು ಪ್ರಕಟಿಸಿದ್ದಾರೆ.

ಪ್ರತಿಯ ಪುಷ್ಪಿಕೆ ಬಹು ಸ್ಪಷ್ಟವಾಗಿದೆ. ಯಾಹ್ಯಾ ಇಬ್ನ್ ಮಹಮೂದ್ ಅಲ್ ವಾಸಿತಿ ಎಂಬವನು ಇದನ್ನು ಬರೆದು, ತಾನೇ ಚಿತ್ರಿಸಿ, ಹಿಜರಿ 634ರ ರಂಜಾನ್ ತಿಂಗಳಲ್ಲಿ, ಎಂದರೆ ಕ್ರಿ.ಶ. 1237ರ ಮೇ ತಿಂಗಳಲ್ಲಿ, ಮುಗಿಸಿದನು. ಲಿಪಿಕಾರನೂ ಚಿತ್ರಕಾರನೂ ಒಬ್ಬನೇ ಎಂಬುದು ನಮ್ಮ ವಿಚಾರಕ್ಕೆ ಮುಖ್ಯವಾದ ಸಂಗತಿ. ಲಿಪಿಕಾರನು ಬಿಟ್ಟ ಖಾಲಿ ಚೌಕದಲ್ಲಿ, ಪಾಠವನ್ನೇ ಓದದ ಇನ್ನೊಬ್ಬನು ವಾಡಿಕೆಯ ಆಕೃತಿಯನ್ನು ತುಂಬಿದನೆಂದು ಇಲ್ಲಿ ಹೇಳುವಂತಿಲ್ಲ. ವಾಸಿತಿ ಪ್ರತಿಯೊಂದು ಪದವನ್ನೂ ತನ್ನ ಕೈಯಿಂದಲೇ ಬರೆದವನು. ಆದ್ದರಿಂದ ಪಾಠದಲ್ಲಿಲ್ಲದುದನ್ನು ಅವನು ಚಿತ್ರದಲ್ಲಿ ಸೇರಿಸಿದ್ದರೆ, ತಿಳಿದೇ ಸೇರಿಸಿದ್ದಾನೆ. ಪ್ರತಿಯಲ್ಲಿರುವ 99 ಚಿತ್ರಗಳಲ್ಲಿ 119ನೆಯ ಹಾಳೆಯ ಹಿಂಬದಿಯಲ್ಲಿರುವುದೇ ನಮ್ಮ ಹಡಗು.

ಪಾಠವೂ ಚಿತ್ರವೂ

ಚಿತ್ರ ಬರುವುದು 39ನೆಯ ಪ್ರಕರಣದಲ್ಲಿ. ಅಲ್ ಹಾರಿಸ್ ಒಮಾನಿಗೆ ಹೋಗಲು ಹಡಗು ಹತ್ತುತ್ತಾನೆ. ಹಡಗು ಹೊರಡುವ ಹೊತ್ತಿಗೆ ದಡದಲ್ಲಿ ಒಬ್ಬನು ನಿಂತು, ತನ್ನನ್ನೂ ಕರೆದೊಯ್ಯಬೇಕೆಂದು ಕೇಳಿಕೊಳ್ಳುತ್ತಾನೆ. ಸಮುದ್ರದ ಅಪಾಯಗಳಿಂದ ಕಾಪಾಡುವ ಮಂತ್ರರಕ್ಷೆ ತನ್ನಲ್ಲಿದೆ ಎನ್ನುತ್ತಾನೆ. ಅವನೇ ಅಬೂ ಝೈದ್. ನಡುದಾರಿಯಲ್ಲಿ ಗಾಳಿ ಎದುರಾಗಿ ಹಡಗು ಒಂದು ದ್ವೀಪವನ್ನು ಸೇರುತ್ತದೆ. ಅಲ್ಲಿಯ ಒಡೆಯನ ಹೆಂಡತಿ ಪ್ರಸವವೇದನೆಯಲ್ಲಿರುತ್ತಾಳೆ. ಅಬೂ ಝೈದ್ ಇನ್ನೊಂದು ರಕ್ಷೆಯನ್ನು ಬರೆದುಕೊಡುತ್ತಾನೆ; ಮಗು ಸುಖವಾಗಿ ಹುಟ್ಟುತ್ತದೆ; ಅವನು ರಾಜಮರ್ಯಾದೆಯನ್ನು ಪಡೆದು ಅಲ್ಲಿಯೇ ನಿಲ್ಲುತ್ತಾನೆ. ಕವಿಯ ಲಕ್ಷ್ಯವೆಲ್ಲ ಎರಡು ರಕ್ಷೆಗಳ ಮೇಲೆ, ಅವುಗಳ ಮಾತಿನ ಚಮತ್ಕಾರದ ಮೇಲೆ. ಹಡಗು ಪಾತ್ರಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಸಾಧನ ಮಾತ್ರ.

ಇದೇ ಪ್ರಕರಣವನ್ನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿರುವ, ಬಹುಮಟ್ಟಿಗೆ ಅದೇ ಕಾಲದ ಇನ್ನೊಂದು ಮಕಾಮಾತ್ ಪ್ರತಿಯ ಚಿತ್ರಕಾರನೂ ಎತ್ತಿಕೊಂಡಿದ್ದಾನೆ. ಅವನು ಆರಿಸಿದುದು ಅಬೂ ಝೈದ್ ತನ್ನನ್ನು ಹತ್ತಿಸಿಕೊಳ್ಳಬೇಕೆಂದು ಬೇಡುವ ಸನ್ನಿವೇಶವನ್ನು. ಅದು ಸಂಭಾಷಣೆಯ ಗಳಿಗೆ. ಕಥೆಗೆ ಬೇಕಾದ ಗಳಿಗೆ. ವಾಸಿತಿ ಈ ಹಾಳೆಯಲ್ಲಿ ಕಡಲ ಮೇಲೆ ಸಾಗುತ್ತಿರುವ ಹಡಗನ್ನೇ ಚಿತ್ರದ ವಿಷಯವನ್ನಾಗಿ ಮಾಡಿದ್ದಾನೆ. ಹಡಗಿನ ಒಡಲು ಚಿತ್ರದ ಅಗಲವನ್ನೆಲ್ಲ ವ್ಯಾಪಿಸಿದೆ. ಒಡಲಿನ ಪಕ್ಕದಲ್ಲಿ ಸಾಲಾಗಿ ಕಿಂಡಿಗಳು. ಒಂದೊಂದರಿಂದಲೂ ರುಮಾಲು ಧರಿಸಿದ ಪ್ರಯಾಣಿಕನ ಮುಖ ಹೊರಗೆ ನೋಡುತ್ತಿದೆ. ಮೇಲ್ಗಡೆ ಕಪ್ಪು ಮೈಬಣ್ಣದ ನಾವಿಕರು ದುಡಿಯುತ್ತಿದ್ದಾರೆ. ವಿದ್ವಾಂಸರು ಇವರನ್ನು ಭಾರತೀಯರೆಂದು ಗುರುತಿಸುತ್ತ ಬಂದಿದ್ದಾರೆ. ಒಡಲಿಗೆ ನುಗ್ಗಿದ ನೀರನ್ನು ಎತ್ತಿ ಹೊರಗೆ ಚೆಲ್ಲುವ ಕೆಲಸ ನಡೆದಿದೆ. ಹಲಗೆಗಳು ಕೂಡುವಲ್ಲಿ ಹೊಲಿಗೆಯ ಗುರುತುಗಳಿವೆ. ಮುಂಭಾಗದಲ್ಲಿ ಹಲವು ಕೊಂಡಿಗಳ ಲಂಗರು, ಹಿಂಭಾಗದ ತುದಿಯಲ್ಲಿ ಚುಕ್ಕಾಣಿ ಕಾಣುತ್ತವೆ.

ಮೂರು ಅಂಶಗಳ ಪರೀಕ್ಷೆ

ನೌಕಾಚರಿತ್ರೆಯನ್ನು ಬರೆದವರು ಈ ಚಿತ್ರವನ್ನು ಬಹುವಾಗಿ ಬಳಸಿಕೊಂಡಿದ್ದಾರೆ. ಹಿಂದೂ ಮಹಾಸಾಗರದ ಹೊಲಿದ ಹಡಗಿಗೆ ಇದು ನಿದರ್ಶನವೆಂದೂ, ಇಸ್ಲಾಮೀ ಜಗತ್ತಿನ ಕಲೆಯಲ್ಲಿ ಹಿಂಗಂಬದ ಚುಕ್ಕಾಣಿಯನ್ನು ಮೊದಲು ತೋರಿಸುವ ಚಿತ್ರಗಳಲ್ಲಿ ಒಂದೆಂದೂ ಇದನ್ನು ಉದಾಹರಿಸುತ್ತಾರೆ. ಈ ಮಾತುಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಬೇಕು.

ಮೊದಲನೆಯದು ಹೊಲಿಗೆ. 1183ರಲ್ಲಿ ಕೆಂಪು ಸಮುದ್ರವನ್ನು ದಾಟಿದ ಇಬ್ನ್ ಜುಬೈರ್ ಅಲ್ಲಿಯ ಹಡಗುಗಳಿಗೆ ಕಬ್ಬಿಣದ ಮೊಳೆಯೇ ಇಲ್ಲವೆಂದೂ, ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿಯುತ್ತಾರೆಂದೂ, ಮರಮುಟ್ಟು ಭಾರತ ಮತ್ತು ಯೆಮೆನ್‌ಗಳಿಂದ ಬರುತ್ತದೆಂದೂ ದಾಖಲಿಸಿದ್ದಾನೆ. ಮುಂದಿನ ಶತಮಾನದಲ್ಲಿ ಹೋರ್ಮುಜಿನ ಹಡಗುಗಳನ್ನು ಕಂಡ ಮಾರ್ಕೊ ಪೋಲೋನ ವರ್ಣನೆಯೂ ಇದಕ್ಕೆ ಸರಿಹೊಂದುತ್ತದೆ. ಇಂಡೊನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ 1998ರಲ್ಲಿ ದೊರೆತ ಹಡಗಿನ ಅವಶೇಷ ಪ್ರತ್ಯಕ್ಷವಾದ ಸಾಕ್ಷ್ಯವನ್ನೇ ಒದಗಿಸಿತು. 9ನೆಯ ಶತಮಾನದ ಆ ಹಡಗಿನ ಹಲಗೆಗಳನ್ನು ಮೊಳೆಯಿಲ್ಲದೆ ಹೊಲಿದು ಕೂಡಿಸಲಾಗಿತ್ತು. ಅದರ ಸರಕಿನಲ್ಲಿದ್ದ ಚೀನೀ ಬಟ್ಟಲೊಂದರ ಮೇಲೆ 826ನೆಯ ಇಸವಿಗೆ ಸಮನಾದ ಕಾಲನಿರ್ದೇಶವಿದೆ. ಹೀಗೆ ಹೊಲಿಗೆಯ ವಿಷಯದಲ್ಲಿ ಚಿತ್ರಕ್ಕೆ ಬರಹದ ಬೆಂಬಲವೂ ವಸ್ತುವಿನ ಬೆಂಬಲವೂ ಇವೆ. ಅದನ್ನು ನಂಬಲು ಅಡ್ಡಿಯಿಲ್ಲ.

ಎರಡನೆಯದು ಚುಕ್ಕಾಣಿ. ಹಳೆಯ ಹಡಗುಗಳನ್ನು ತಿರುಗಿಸುತ್ತಿದ್ದುದು ಹಿಂಭಾಗದ ಪಕ್ಕಗಳಲ್ಲಿ ಕಟ್ಟಿದ ದೊಡ್ಡ ಹುಟ್ಟುಗಳಿಂದ. ಅಜಂತಾದ 2ನೆಯ ಗುಹೆಯಲ್ಲಿ ಚಿತ್ರಿತವಾಗಿರುವ ಮೂರು ಕೂವೆಕಂಬಗಳ ಹಡಗಿನಲ್ಲಿ ಇಂತಹ ಹುಟ್ಟುಗಳನ್ನೇ ಕಾಣುತ್ತೇವೆ. ಹಿಂಭಾಗದ ನಡುವೆ ಒಂದೇ ಚುಕ್ಕಾಣಿಯನ್ನು ತೂಗಹಾಕುವ ಪದ್ಧತಿ ಬೇರೆ. ಚೀನಾದಲ್ಲಿ ಅದು ಹಾನ್ ಅರಸರ ಕಾಲದ ಮಣ್ಣಿನ ಹಡಗಿನ ಪ್ರತಿರೂಪದಲ್ಲಿಯೇ ಇದೆ. ಯೂರೋಪಿನಲ್ಲಿ 12ನೆಯ ಶತಮಾನದ ಕೊನೆಯ ಶಿಲ್ಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅರಬ್ಬೀ ಬರಹಗಳಲ್ಲಿ 10ನೆಯ ಶತಮಾನದ ಅಲ್ ಮುಕದ್ದಸಿ ಕೆಂಪು ಸಮುದ್ರದ ಹಡಗನ್ನು ವರ್ಣಿಸುತ್ತ, ನಾಯಕನ ಕೂಗನ್ನು ಇಬ್ಬರು ಹುಡುಗರು ಮುಟ್ಟಿಸಿದಂತೆ ಚುಕ್ಕಾಣಿ ಹಿಡಿದವನು ಹಗ್ಗಗಳನ್ನೆಳೆದು ಅದನ್ನು ಎಡಬಲಕ್ಕೆ ತಿರುಗಿಸುತ್ತಿದ್ದನೆಂದು ಹೇಳುತ್ತಾನೆ. 13ನೆಯ ಶತಮಾನದ ಕೊನೆಯಲ್ಲಿ ಭಾರತದಿಂದ ಪತ್ರ ಬರೆದ ಕ್ರೈಸ್ತಪಾದ್ರಿ ಮಾಂಟೆಕೊರ್ವಿನೋದ ಜಾನ್, ಇಲ್ಲಿಯ ಹಡಗುಗಳನ್ನು ಬಟ್ಟೆಯಂತೆ ಹೊಲಿದಿರುತ್ತಾರೆಂದೂ, ಹಿಂಭಾಗದ ನಡುವೆ ಮೊಳದಗಲದ ದುರ್ಬಲವಾದ ಹಲಗೆಯೊಂದು ಚುಕ್ಕಾಣಿಯಾಗಿರುತ್ತದೆಂದೂ ಹೇಳಿದ್ದಾನೆ. ಇವನು ವಾಸಿತಿಯ ಚಿತ್ರವನ್ನು ಕಂಡವನಲ್ಲ, ಹಡಗನ್ನು ಕಂಡವನು. ಪರಸ್ಪರ ಸಂಬಂಧವಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತನ್ನು ಹೇಳಿದಾಗ ಆ ಮಾತಿಗೆ ಬಲ ಬರುತ್ತದೆ. ನಮ್ಮ 'ಚುಕ್ಕಾಣಿ' ಶಬ್ದವೇ ಅರಬ್ಬಿಯ 'ಸುಕ್ಕಾನ್' ಶಬ್ದದಿಂದ, 'ಲಂಗರು' ಪಾರಸಿಯಿಂದ ಬಂದವುಗಳೆಂಬುದೂ ಸ್ಮರಣೀಯ. ಶಬ್ದ ಬಂದುದರಿಂದ ವಸ್ತು ಎಂದು ಬಂದಿತೆಂದು ತಿಳಿಯುವುದಿಲ್ಲ. ಆದರೆ ಈ ಕರಾವಳಿಯವರೂ ಆ ಕರಾವಳಿಯವರೂ ಒಂದೇ ಬಗೆಯ ಕೆಲಸವನ್ನು ಹಂಚಿಕೊಂಡಿದ್ದರೆಂದು ತಿಳಿಯುತ್ತದೆ.

ಮೂರನೆಯದು ಕಿಂಡಿಗಳ ಸಾಲು ಮತ್ತು ಅಂತಸ್ತುಗಳು. ಇಲ್ಲಿ ಸಾಕ್ಷ್ಯ ತಿರುಗಿ ನಿಲ್ಲುತ್ತದೆ. ಹೋರ್ಮುಜಿನ ಹಡಗುಗಳಿಗೆ ಒಂದು ಕೂವೆಕಂಬ, ಒಂದು ಹಾಯಿ, ಒಂದು ಚುಕ್ಕಾಣಿ ಇರುತ್ತವೆ, ಮೇಲ್ಛಾವಣಿಯ ಹಲಗೆಯಿರುವುದಿಲ್ಲ, ಸರಕಿನ ಮೇಲೆ ತೊಗಲನ್ನು ಹೊದಿಸುತ್ತಾರೆ ಎಂದು ಮಾರ್ಕೊ ಪೋಲೋ ಹೇಳುತ್ತಾನೆ. ಎಲ್ಲ ಹಡಗುಗಳೂ ಹಾಗೆಯೇ ಇದ್ದುವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಆದರೆ ಹೊಲಿದ ಒಡಲಿನಲ್ಲಿ, ನೀರಿಗೆ ಅಷ್ಟು ಸಮೀಪದಲ್ಲಿ, ತಲೆ ತೂರುವಷ್ಟು ದೊಡ್ಡ ಕಿಂಡಿಗಳನ್ನು ಸಾಲಾಗಿ ಕೊರೆಯುವ ಬಡಗಿ ಯಾವನು? ಅವು ಚಿತ್ರಕಾರನಿಗೆ ಬೇಕಾದ ಕಿಂಡಿಗಳು. ಕಥೆಯ ಪ್ರಯಾಣಿಕರನ್ನು ಅವನು ತೋರಿಸಲೇಬೇಕು. ಹಡಗಿನ ಒಳಗಿರುವವರನ್ನು ಪಕ್ಕದಿಂದ ತೋರಿಸಲು ಒಡಲನ್ನು ತೆರೆಯದೆ ಬೇರೆ ಉಪಾಯವಿಲ್ಲ. ಈ ಪ್ರತಿಯಲ್ಲಿಯೇ ಮನೆಗಳನ್ನೂ ಅವನು ಮುಂದಿನ ಗೋಡೆಯನ್ನು ತೆಗೆದು ಕೋಣೆಕೋಣೆಯಾಗಿ ತೋರಿಸುತ್ತಾನೆ. ಅದೇ ವಿಧಾನ ಇಲ್ಲಿ ಹಡಗಿಗೆ ಅನ್ವಯವಾಗಿದೆ. ಆದ್ದರಿಂದ ಕಿಂಡಿಗಳನ್ನು ಲೆಕ್ಕಹಾಕಿ ಹಡಗಿನ ಉದ್ದವನ್ನಾಗಲಿ ಅಂತಸ್ತುಗಳನ್ನಾಗಲಿ ನಿರ್ಣಯಿಸುವುದು ಯುಕ್ತವಲ್ಲ.

ಒಂದು ಸೂತ್ರ, ಅದರ ಮಿತಿ

ಮೇಲಿನ ಪರೀಕ್ಷೆಯಿಂದ ಒಂದು ಸೂತ್ರ ಹೊರಡುವಂತೆ ತೋರುತ್ತದೆ. ಕಥೆಗೋ ಚಿತ್ರರಚನೆಗೋ ಬೇಕಾದ ಅಂಶಗಳನ್ನು ಸಂಶಯದಿಂದ ನೋಡಬೇಕು. ಎರಡಕ್ಕೂ ಬೇಡವಾದರೂ ಬಂದಿರುವ ಅಂಶಗಳಿಗೆ ಹೆಚ್ಚು ಬೆಲೆ ಕೊಡಬೇಕು. ಪಾಠಪರಿಷ್ಕರಣದಲ್ಲಿ ಕ್ಲಿಷ್ಟಪಾಠಕ್ಕೆ ನಾವು ಕೊಡುವ ಗೌರವ ಇದೇ ಬಗೆಯದು. ಲಿಪಿಕಾರನು ಸುಲಭವನ್ನು ಕಠಿನಮಾಡುವುದು ವಿರಳ. ಕಠಿನವಾದುದು ಉಳಿದಿದ್ದರೆ ಅದಕ್ಕೆ ಕಾರಣವಿರಬೇಕು. ಹಲಗೆಗಳನ್ನು ಹೊಲಿದಿರುವುದನ್ನು ತೋರಿಸದಿದ್ದರೆ ಹರೀರಿಯ ಕಥೆಗೆ ಏನೂ ಕೊರತೆಯಿಲ್ಲ. ತೋರಿಸಿದ್ದಾನೆ, ಆದ್ದರಿಂದ ಕಂಡಿದ್ದಾನೆ ಎಂದು ವಾದಿಸಬಹುದು.

ಆದರೆ ಹಾಳೆಯೊಂದನ್ನು ಮಗುಚಿ ಮುಂದೆ ಹೋದರೆ ಸೂತ್ರ ತೊಡಕಿಗೆ ಸಿಲುಕುತ್ತದೆ. 121ನೆಯ ಹಾಳೆಯ ಮುಂಬದಿಯಲ್ಲಿ ವಾಸಿತಿ ಆ ದ್ವೀಪವನ್ನು ಚಿತ್ರಿಸಿದ್ದಾನೆ. ಹಡಗಿನ ಮೂತಿ ಮಾತ್ರ ಚಿತ್ರದ ಅಂಚಿನಲ್ಲಿ ಇಣುಕುತ್ತಿದೆ. ದ್ವೀಪದ ಮರಗಳ ಮೇಲೆ ಕೋತಿಗಳು, ಬಣ್ಣದ ಹಕ್ಕಿಗಳು. ಕೆಳಗೆ ಮನುಷ್ಯಮುಖದ ಹಕ್ಕಿ, ಮನುಷ್ಯಮುಖದ ಸಿಂಹ. ಕವಿ ಇಂತಹ ಪ್ರಾಣಿಗಳ ಮಾತನ್ನೇ ಎತ್ತಿಲ್ಲ. ಪಾಠಕ್ಕೆ ಬೇಡವಾದುದನ್ನು ಚಿತ್ರಕಾರನು ಇಲ್ಲಿಯೂ ತಾನಾಗಿ ಸೇರಿಸಿದ್ದಾನೆ. ಕೈ ಅದೇ, ಪ್ರಕರಣ ಅದೇ. ಹೊಲಿಗೆಯ ವಿಷಯದಲ್ಲಿ ಕವಿ ಎಷ್ಟು ಮೌನಿಯೋ ಮನುಷ್ಯಮುಖದ ಹಕ್ಕಿಯ ವಿಷಯದಲ್ಲಿಯೂ ಅಷ್ಟೇ ಮೌನಿ. ಹಡಗನ್ನು ಕಂಡು ಬರೆದನೆನ್ನುವವರು ಈ ಹಕ್ಕಿಯನ್ನೂ ಕಂಡು ಬರೆದನೆನ್ನಬೇಕಾಗುತ್ತದೆ. ಹಕ್ಕಿ ಕಲ್ಪಿತವೆನ್ನುವವರು ಚುಕ್ಕಾಣಿಯೂ ಕಲ್ಪಿತವಿರಬಹುದೆಂದು ಒಪ್ಪಬೇಕಾಗುತ್ತದೆ. ಹಡಗಿನ ಚಿತ್ರವನ್ನು ಮಾತ್ರ ಪ್ರತಿಯಿಂದ ಕತ್ತರಿಸಿ ಅಚ್ಚುಹಾಕುವುದರಿಂದ ಈ ತೊಡಕು ಓದುಗರ ಕಣ್ಣಿಗೆ ಬೀಳುವುದಿಲ್ಲ. ಎರಡು ಹಾಳೆಗಳನ್ನು ಒಟ್ಟಿಗೆ ಓದಿದವರಿಗೆ ಇದನ್ನು ತಪ್ಪಿಸಿಕೊಳ್ಳುವ ದಾರಿಯಿಲ್ಲ.

ತೊಡಕಿನ ಪರಿಹಾರಕ್ಕೆ ಚಿತ್ರದಿಂದ ಹೊರಗೆ ಹೋಗಬೇಕು. ಮನುಷ್ಯಮುಖದ ಹಕ್ಕಿ ಮತ್ತು ಸಿಂಹಗಳ ಬಂಧುಗಳು ಎಲ್ಲಿದ್ದಾರೆಂದು ಹುಡುಕಿದರೆ, ಆ ಕಾಲದ ಲೋಹದ ಪಾತ್ರೆಗಳ ಮೇಲೆ, ಬಣ್ಣದ ಮಣ್ಣಿನ ಬಟ್ಟಲುಗಳ ಮೇಲೆ, ನೇಯ್ದ ಬಟ್ಟೆಗಳ ಮೇಲೆ ದೊರೆಯುತ್ತಾರೆ. ಅಂದರೆ ಅವು ಅಲಂಕಾರದ ಕುಲಕ್ಕೆ ಸೇರಿದವು. ಹೊಲಿಗೆಯ ಮತ್ತು ಚುಕ್ಕಾಣಿಯ ಬಂಧುಗಳಿರುವುದು ಪ್ರವಾಸಿಗಳ ಬರಹಗಳಲ್ಲಿ, ಕಡಲ ತಳದ ಮರದಲ್ಲಿ. ಅವು ಕಸಬಿನ ಕುಲಕ್ಕೆ ಸೇರಿದವು. ಇನ್ನೂ ಒಂದು ವ್ಯತ್ಯಾಸವುಂಟು. ಹೊಲಿಗೆ ಹಲಗೆಗಳ ಸಂದಿನಲ್ಲಿದೆ. ಚುಕ್ಕಾಣಿ ನೀರನ್ನು ಕತ್ತರಿಸುವ ಜಾಗದಲ್ಲಿದೆ. ಅವು ಕೆಲಸಮಾಡುವ ಸ್ಥಾನದಲ್ಲಿರುವ ವಸ್ತುಗಳು. ಮನುಷ್ಯಮುಖದ ಹಕ್ಕಿ ಎಲ್ಲಿ ನಿಂತರೂ ನಿಲ್ಲಬಹುದು. ಪಾಠದ ಮೌನ ಸಾಕ್ಷ್ಯವಲ್ಲ, ಸಾಕ್ಷ್ಯವನ್ನು ಹುಡುಕಲು ಸೂಚನೆ ಮಾತ್ರ. ನಿರ್ಣಯ ಎರಡನೆಯ ಸಾಕ್ಷಿಯಿಂದಲೇ ಆಗಬೇಕು.

ನೀರೆತ್ತುವ ನಾವಿಕರ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಗಾಳಿಯ ಹೊಡೆತ ಕಥೆಯಲ್ಲಿಯೇ ಇರುವುದರಿಂದ ಈ ದೃಶ್ಯ ಪಾಠದಿಂದ ಬಂದುದಾಗಿರಬಹುದು. ಹೊಲಿದ ಹಡಗಿಗೆ ನೀರು ಜಿನುಗುವುದು ಸಹಜವಾದುದರಿಂದ ನಿತ್ಯದ ಕೆಲಸವೂ ಆಗಿರಬಹುದು. ಎರಡರಲ್ಲಿ ಒಂದನ್ನು ಆರಿಸಲು ಚಿತ್ರದಲ್ಲಿ ಆಧಾರವಿಲ್ಲ. ಆದರೆ ಚಿತ್ರದ ಮೌಲ್ಯ ಇದರಿಂದ ತಗ್ಗುವುದಿಲ್ಲ. ಹರೀರಿಯ ಕಥೆಯಲ್ಲಿ ಹಡಗನ್ನು ಕಾಪಾಡುವುದು ಅಬೂ ಝೈದನ ಮಂತ್ರರಕ್ಷೆ. ವಾಸಿತಿಯ ಚಿತ್ರದಲ್ಲಿ ಕಾಪಾಡುತ್ತಿರುವುದು ನಾವಿಕರ ತೋಳು. ಅಂಗೈಯಗಲದ ಮಾತಿನ ಮೇಲೆ ಭರವಸೆಯಿಟ್ಟು ಪ್ರಯಾಣಿಕರು ಕಿಂಡಿಗಳಲ್ಲಿ ಸುಮ್ಮನೆ ಕುಳಿತಿದ್ದಾರೆ. ಹೆಸರಿಲ್ಲದ ದುಡಿಯುವವರು ಮೇಲೆ ನೀರನ್ನು ಚೆಲ್ಲುತ್ತಿದ್ದಾರೆ. ಕವಿಯ ಪರಿಹಾಸವನ್ನು ಲಿಪಿಕಾರನಾಗಿ ಅರಿತವನೇ ಚಿತ್ರಕಾರನಾಗಿ ಅದಕ್ಕೆ ಈ ವ್ಯಾಖ್ಯಾನವನ್ನು ಬರೆದಿದ್ದಾನೆ. ಚಿತ್ರವನ್ನು ನೌಕಾಶಾಸ್ತ್ರದ ನಕ್ಷೆಯೆಂದು ಮಾತ್ರ ನೋಡುವವರು ಈ ವ್ಯಾಖ್ಯಾನವನ್ನು ಕಳೆದುಕೊಳ್ಳುತ್ತಾರೆ.

ಇತರ ಹಡಗುಗಳು

ಈ ಪರೀಕ್ಷೆಯನ್ನು ಇನ್ನು ಕೆಲವು ಚಿತ್ರಗಳಿಗೆ ಅನ್ವಯಿಸಿದರೆ ಅದರ ಉಪಯೋಗ ಸ್ಪಷ್ಟವಾಗುತ್ತದೆ. 10ನೆಯ ಶತಮಾನದ ಅಲ್ ಸೂಫಿಯ ಸ್ಥಿರನಕ್ಷತ್ರಗಳ ಗ್ರಂಥದ ಪ್ರತಿಗಳಲ್ಲಿ ನೌಕಾರಾಶಿಯ ಚಿತ್ರವಿದೆ. ಅದರಲ್ಲಿ ದಿಕ್ಕು ತಿರುಗಿಸುವ ಹುಟ್ಟುಗಳು ಬರುವುದು ಚಿತ್ರಕಾರನು ಅಂತಹ ಹಡಗನ್ನು ಕಂಡುದರಿಂದಲ್ಲ. ಗ್ರೀಕ್ ಜ್ಯೋತಿಷಿ ಟಾಲೆಮಿಯ ನಕ್ಷತ್ರಪಟ್ಟಿಯಲ್ಲಿ ಕೆಲವು ನಕ್ಷತ್ರಗಳ ಸ್ಥಾನವನ್ನು ಆ ಹುಟ್ಟುಗಳ ಮೇಲೆಯೇ ಹೇಳಿದೆ. ನಮ್ಮವರು ಅಗಸ್ತ್ಯವೆನ್ನುವ, ಅರಬ್ಬರು ಸುಹೈಲ್ ಎನ್ನುವ ನಕ್ಷತ್ರವೂ ಅಲ್ಲಿಯೇ ಇದೆ. ಹುಟ್ಟನ್ನು ಬಿಟ್ಟರೆ ನಕ್ಷತ್ರಕ್ಕೆ ನೆಲೆಯಿಲ್ಲ. ಇಲ್ಲಿ ಹಡಗು ಸಂಪೂರ್ಣವಾಗಿ ಪಾಠಕ್ಕೆ ಅಧೀನ. ಅದರಿಂದ 10ನೆಯ ಶತಮಾನದ ನೌಕಾನಿರ್ಮಾಣವನ್ನು ಊಹಿಸುವುದು ಸಲ್ಲದು.

ಇರಾನಿನ ಷಾ ತಹ್ಮಾಸ್ಪನಿಗಾಗಿ 16ನೆಯ ಶತಮಾನದಲ್ಲಿ ಸಿದ್ಧವಾದ ಷಾಹನಾಮೆಯ ಪ್ರತಿಯ ಆರಂಭದಲ್ಲಿ ಮತಗಳನ್ನು ಹಡಗುಗಳಿಗೆ ಹೋಲಿಸುವ ರೂಪಕವೊಂದಕ್ಕೆ ಚಿತ್ರವಿದೆ. ಸು. 1530–35ರ ಈ ಹಾಳೆ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಇದನ್ನು ಮಿರ್ಜಾ ಅಲಿಯ ಕೃತಿಯೆಂದು ವಿದ್ವಾಂಸರು ಭಾವಿಸುತ್ತಾರೆ. ಕಡಲಿಗೆ ದೂರವಾದ ತಬ್ರೀಜ್ ನಗರದಲ್ಲಿ ರಚಿತವಾದ ಈ ಚಿತ್ರದ ಹಡಗು ಅರಮನೆಯ ಮಂಟಪದಂತೆ ಬಣ್ಣದ ಕೆಲಸದಿಂದ ಬೆಳಗುತ್ತದೆ. ಅದು ಸಾಕ್ಷಿ ನುಡಿಯುವುದು ಆ ಆಸ್ಥಾನದ ಮತನಿಷ್ಠೆಗೆ, ಹಡಗಿನ ಕಟ್ಟಡಕ್ಕಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ಭಾರತದಲ್ಲಿ ರಚಿತವಾದ 'ಅನೀಸ್ ಉಲ್ ಹುಜ್ಜಾಜ್'. ಔರಂಗಜೇಬನ ಮಗಳು ಜೇಬುನ್ನಿಸಾಳ ಆಶ್ರಯದಲ್ಲಿ ಸಫೀ ಇಬ್ನ್ ವಲೀ 1676ರಲ್ಲಿ ಹಜ್ ಯಾತ್ರೆ ಕೈಗೊಂಡು ಈ ಗ್ರಂಥವನ್ನು ಬರೆದನು. ಖಲೀಲಿ ಸಂಗ್ರಹದಲ್ಲಿರುವ ಇದರ ಸಚಿತ್ರ ಪ್ರತಿಯಲ್ಲಿ ಯಾತ್ರಿಕರ ಹಡಗುಗಳೂ ಬಂದರುಗಳೂ ಚಿತ್ರಿತವಾಗಿವೆ. ಇಲ್ಲಿ ಕಡಲಯಾತ್ರೆ ಕಥೆಗೆ ನೆಪವಲ್ಲ, ಗ್ರಂಥದ ವಿಷಯವೇ ಆಗಿದೆ. ಯಾತ್ರೆಮಾಡಿದವನ ಬರಹವೇ ಚಿತ್ರದ ಪಕ್ಕದಲ್ಲಿರುವುದರಿಂದ ಎರಡನೆಯ ಸಾಕ್ಷಿಗಾಗಿ ದೂರ ಹೋಗಬೇಕಾಗಿಲ್ಲ. ಪಾಠವನ್ನೂ ಚಿತ್ರವನ್ನೂ ಎದುರೆದುರಾಗಿಟ್ಟು ಓದಿದರೆ ಸಾಕು.

ಉಪಸಂಹಾರ

ಇಷ್ಟರಿಂದ ಸಿದ್ಧವಾಗುವುದು ಇದು. ಚಿತ್ರಿತವಾದ ಪ್ರತಿಯೊಂದು ವಸ್ತುವಿನ ವಿಷಯದಲ್ಲಿಯೂ ಮೂರು ಪ್ರಶ್ನೆಗಳನ್ನು ಕೇಳಬೇಕು: ಇದು ಪಾಠಕ್ಕೋ ರಚನೆಗೋ ಬೇಕಾಗಿ ಬಂದುದೇ? ಇದರ ಬಂಧುಗಳು ಅಲಂಕಾರದಲ್ಲಿವೆಯೇ, ಕಸಬಿನಲ್ಲಿವೆಯೇ? ಚಿತ್ರಕ್ಕೆ ಋಣಿಯಲ್ಲದ ಎರಡನೆಯ ಸಾಕ್ಷಿ ಉಂಟೇ? ಒಂದೇ ಚಿತ್ರದ ಬೇರೆಬೇರೆ ಅಂಶಗಳಿಗೆ ಬೇರೆಬೇರೆ ಉತ್ತರಗಳು ದೊರೆಯಬಹುದು. ವಾಸಿತಿಯ ಹಡಗಿನಲ್ಲಿ ಹೊಲಿಗೆ ಮತ್ತು ಚುಕ್ಕಾಣಿ ಗ್ರಾಹ್ಯ, ಕಿಂಡಿಗಳು ಅಗ್ರಾಹ್ಯ, ನೀರೆತ್ತುವಿಕೆ ಉಭಯಸಾಧಾರಣ.

ನಮ್ಮ ಸಚಿತ್ರ ಪ್ರತಿಗಳಿಗೂ ಈ ಕ್ರಮ ಸಲ್ಲುತ್ತದೆ. ಪಶ್ಚಿಮ ಭಾರತದ ಕಾಲಕಾಚಾರ್ಯಕಥೆಯ ಪ್ರತಿಗಳಲ್ಲಿ ಸಾಹಿ ರಾಜರ ಮುಖಭಾವವೂ ಉಡುಪೂ ಪಾರಸಿಕ ಚಿತ್ರಗಳನ್ನು ನೆನಪಿಗೆ ತರುತ್ತವೆ. ಅದರಿಂದ ಪ್ರಾಚೀನ ಶಕರ ಉಡುಪನ್ನು ತಿಳಿಯಲಾಗದು. 14–15ನೆಯ ಶತಮಾನಗಳ ಗುಜರಾತಿನ ಚಿತ್ರಕಾರರ ಕಣ್ಣಿಗೆ ಯಾವ ಮಾದರಿಗಳು ಬಿದ್ದಿದ್ದವೆಂದು ತಿಳಿಯಬಹುದು. ಮೂಡಬಿದಿರೆಯ ಧವಲಾ ಗ್ರಂಥಗಳ ತಾಳೆಗರಿಗಳಲ್ಲಿರುವ ಜಿನರು, ಯಕ್ಷಿಯರು, ಭಕ್ತರು ಸಿದ್ಧಾಂತದ ಪಾಠವನ್ನು ಚಿತ್ರಿಸಲು ಬಂದವರಲ್ಲ. ಅಲ್ಲಿ ಪಾಠಕ್ಕೂ ಚಿತ್ರಕ್ಕೂ ಇರುವ ಸಂಬಂಧವೇ ಬೇರೆ. ಸೂಚೀಪತ್ರಗಳಲ್ಲಿ 'ಸಚಿತ್ರ' ಎಂಬ ಒಂದು ಪದವನ್ನು ಬರೆದು ಮುಂದೆ ಸಾಗಿದರೆ ಈ ಭೇದಗಳೆಲ್ಲ ಮರೆಯಾಗುತ್ತವೆ. ಪಾಠಾಂತರಗಳನ್ನು ಗುರುತಿಸುವಂತೆಯೇ, ಚಿತ್ರದಲ್ಲಿದ್ದು ಪಾಠದಲ್ಲಿಲ್ಲದ ಅಂಶಗಳನ್ನೂ, ಪಾಠದಲ್ಲಿದ್ದು ಚಿತ್ರದಲ್ಲಿ ಬಿಟ್ಟುಹೋದ ಅಂಶಗಳನ್ನೂ ಪ್ರತಿವಿವರಣೆಯಲ್ಲಿ ದಾಖಲಿಸುವುದು ಅವಶ್ಯ. ಚಿತ್ರದ ಪುಟವನ್ನು ಪ್ರತಿಯಿಂದ ಬೇರ್ಪಡಿಸಿ ಪ್ರಕಟಿಸುವಾಗ ಅದರ ಹಿಂದುಮುಂದಿನ ಹಾಳೆಗಳ ವಿವರವನ್ನೂ ಕೊಡುವುದು ಸಂಪಾದಕರ ಕರ್ತವ್ಯವೆಂದು ಎಣಿಸಬೇಕು.